ಬಾಯಿಗೆ ಬಂದ ತೂಕ

ನಮ್ಮ ಮನೆಯ ತೂಕದ ಯಂತ್ರ ಮನುಷ್ಯರಿಗಾಗಿ ತಂದದ್ದಲ್ಲ, ಸೂಟ್‌ಕೇಸುಗಳಿಗಾಗಿ. ಊರಿಗೆ ಯಾರಾದರೂ ಹೊರಟಾಗ ಮಾತ್ರ ಅದು ಮಂಚದ ಕೆಳಗಿನಿಂದ ಹೊರಗೆ ಬರುತ್ತದೆ. ಒಬ್ಬರಿಗೆ ಮೂವತ್ತು ಕೆ.ಜಿ. ಅದರ ಮೇಲೆ ಒಂದು ಚಾಕೊಲೇಟ್ ಡಬ್ಬಿ ಹೆಚ್ಚಾದರೂ ಆಕ್ಲೆಂಡ್ ಏರ್‌ಪೋರ್ಟಿನಲ್ಲಿ ಎಲ್ಲರೆದುರು ಸೂಟ್‌ಕೇಸು ಬಿಚ್ಚಿ ಮಾನ ಕಳೆದುಕೊಳ್ಳಬೇಕು. ೨೦೧೪ರ ಮೇ ತಿಂಗಳಲ್ಲಿ ನಮ್ಮ ಅತ್ತೆ ಆರು ತಿಂಗಳು ನಮ್ಮ ಜೊತೆ ನ್ಯೂಜಿಲೆಂಡಿನ ಹ್ಯಾಮಿಲ್ಟನ್ನಿನ ರೊಟೊಟೂನ ಬಡಾವಣೆಯಲ್ಲಿದ್ದು ಮೈಸೂರಿಗೆ ಹೊರಟಾಗ ಅವರ ಸೂಟ್‌ಕೇಸು ಸರಿಯಾಗಿ ಮೂವತ್ತು ತೂಗಿತು. ಅದನ್ನು ಕೆಳಗಿಳಿಸಿದ ಕೂಡಲೇ ನನ್ನ ಮಗಳು ಸಿಂಚನಾ ಯಂತ್ರದ ಮೇಲೆ ಹತ್ತಿ ನಿಂತಳು. ಇಪ್ಪತ್ತನಾಲ್ಕು.

"ಅಯ್ಯೋ, ನನ್ನ ಸೂಟ್‌ಕೇಸಿನಷ್ಟೂ ಇಲ್ವಲ್ಲೇ ಮಗು," ಎಂದರು ಅತ್ತೆ.

ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ. ಆದರೆ ಆ ಸೂಟ್‌ಕೇಸಿನೊಳಗೆ ನಾನೇ ತುಂಬಿದ ನಾಲ್ಕು ಕೆ.ಜಿ. ಬಾದಾಮಿ ಇತ್ತು. ಒಂಬತ್ತು ವರ್ಷದಿಂದ ಇಂಥ ಬಾದಾಮಿಯನ್ನು ನೆನೆಸಿ, ಸಿಪ್ಪೆ ಸುಲಿದು, ಅರೆದು ಈ ಹುಡುಗಿಯ ಹೊಟ್ಟೆಗೆ ಹಾಕಿದ್ದೇನೆ. ತುಪ್ಪ ಹಾಕಿದ್ದೇನೆ, ರಾಗಿ ಹಾಕಿದ್ದೇನೆ. ಎಲ್ಲ ಎಲ್ಲಿ ಹೋಗುತ್ತದೋ ದೇವರಿಗೇ ಗೊತ್ತು. ಡಾಕ್ಟರು ಹುಡುಗಿ ಆರೋಗ್ಯವಾಗಿದ್ದಾಳೆ, ಸುಮ್ಮನಿರಿ ಎನ್ನುತ್ತಾರೆ. ಹ್ಯಾಮಿಲ್ಟನ್ನಿನ ಕನ್ನಡದ ಆಂಟಿಯರು ಸುಮ್ಮನಿರುತ್ತಾರೆಯೇ? ಯುಗಾದಿಯ ಊಟಕ್ಕೆ ಹೋದರೆ ಮಗಳ ಮುಂಗೈ ಹಿಡಿದು, ಬಳೆಯ ಅಳತೆ ನೋಡುವವರ ಹಾಗೆ ಬೆರಳು ಸುತ್ತಿಸಿ, ನನ್ನ ಮುಖ ನೋಡುತ್ತಾರೆ. ಏನೂ ಹೇಳುವುದಿಲ್ಲ. ಹೇಳಿದ್ದರೆ ತಿರುಗಿಸಿ ಎರಡು ಮಾತು ಕೊಡಬಹುದಿತ್ತು.

ಆ ಹುಡುಗಿ ಕಾಲಿಗೆ ಉದ್ದನೆಯ ಹಲಗೆ ಸಿಕ್ಕಿಸಿಕೊಂಡು ಹಿಮದ ಮೇಲೆ ಜಾರುವ ಸ್ಕೀ ಕಲಿತದ್ದು ಶಾಲೆಯ ಪ್ರವಾಸದಲ್ಲಿ. ಎರಡನೆಯ ಚಳಿಗಾಲಕ್ಕೆ ರುವಾಪೆಹು ಬೆಟ್ಟದ ಮಕ್ಕಳ ಕ್ಲಬ್ಬಿಗೆ ಸೇರಿದಳು. ಮೂರನೆಯದಕ್ಕೆ ಕೋಚ್ ನನ್ನ ಗಂಡ ಅನಂತನನ್ನು ಕರೆದು, ಇವಳನ್ನು ರೇಸಿಗೆ ಇಳಿಸಿ, ಬಾಡಿಗೆಯ ಸ್ಕೀ ಸಾಕು, ಇವಳದೇ ಒಂದು ಜೊತೆ ಕೊಡಿಸಿ ಎಂದ. ನನಗಾದ ಸಂತೋಷವನ್ನು ನಾನು ಮುಚ್ಚಿಡುವುದಿಲ್ಲ. ಮುಂಗೈ ಹಿಡಿದು ನೋಡಿದವರೆಲ್ಲ ಈಗ ಬಂದು ಕಾಲು ನೋಡಲಿ ಎನ್ನಿಸಿತು.

ಜುಲೈ ಎಂದರೆ ಇಲ್ಲಿ ನಡು ಚಳಿಗಾಲ, ಅದರ ಒಂದು ಶನಿವಾರ ಹ್ಯಾಮಿಲ್ಟನ್ನಿನ ಸ್ಕೀ ಅಂಗಡಿಗೆ ಹೋದೆವು. ಅಂಗಡಿಯ ಬ್ರೂಸ್ ಅರವತ್ತು ದಾಟಿದವನು, ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಅದನ್ನೇ ಹುಡುಕುವ ಜಾತಿ. ಮಗಳನ್ನು ಗೋಡೆಗೆ ನಿಲ್ಲಿಸಿ, ಒಂದೊಂದೇ ಸ್ಕೀಯನ್ನು ಅವಳ ಪಕ್ಕ ನೆಟ್ಟಗೆ ಹಿಡಿದು ನೋಡಿದ. ತುದಿ ಗಲ್ಲಕ್ಕೂ ಮೂಗಿಗೂ ನಡುವೆ ಬರಬೇಕಂತೆ.

ಅನಂತ ನೆತ್ತಿಗಿಂತ ಒಂದು ಗೇಣು ಎತ್ತರದ ಜೊತೆಯೊಂದನ್ನು ತಂದು ನಿಲ್ಲಿಸಿದ. "ಬೆಳೆಯೋ ಮಗು ಕಣೇ ವಸು. ಯೂನಿಫಾರ್ಮ್ ತಗೊಳ್ಳೋ ಹಾಗೆ ದೊಡ್ಡದೇ ತಗೊಂಡ್ರೆ ಎರಡು ವರ್ಷ ಬರುತ್ತೆ."

"ಅಲ್ರೀ, ಯೂನಿಫಾರ್ಮ್ ದೊಡ್ಡದಾದ್ರೆ ಮಡಿಸಿ ಹೊಲೀಬಹುದು. ಇದನ್ನ ಎಲ್ಲಿ ಮಡಿಸ್ತೀರಿ?" ಎಂದೆ.

ಬ್ರೂಸನಿಗೆ ಕನ್ನಡ ಬಾರದಿದ್ದರೂ ವಿಷಯ ಅರ್ಥವಾಯಿತು. ಉದ್ದ ಹೆಚ್ಚಾದರೆ ಮಗು ಸ್ಕೀಯನ್ನು ತಿರುಗಿಸುವುದಿಲ್ಲ, ಸ್ಕೀ ಮಗುವನ್ನು ತಿರುಗಿಸುತ್ತದೆ ಎಂದ. ನಾನು ಗೆದ್ದೆ. ಇವತ್ತು ಈ ಅಂಗಡಿಯಲ್ಲಿ ಆಗಬಹುದಾಗಿದ್ದ ತಪ್ಪನ್ನು ನಾನೇ ತಪ್ಪಿಸಿದೆ ಎಂಬ ಜಂಬದಲ್ಲಿ ಗಂಡನ ಕಡೆ ನೋಡಿದೆ. ಅಷ್ಟು ಹೊತ್ತಿಗೆ ಬಾಗಿಲು ತೆರೆದು ಶ್ರೀಲಕ್ಷ್ಮಿ ಒಳಗೆ ಬಂದಳು.

ಶ್ರೀಲಕ್ಷ್ಮಿ ನಮ್ಮ ಬೀದಿಯ ಆಚೆ ತುದಿಯವಳು, ಬೆಂಗಳೂರಿನ ಬಸವನಗುಡಿ ಕಡೆಯವಳು. ಅವಳ ಮಗಳು ಧೃತಿ ನನ್ನ ಮಗಳ ವಾರಿಗೆಯವಳು, ಅದೇ ಶಾಲೆ, ಅದೇ ಕ್ಲಬ್ಬು. ಧೃತಿ ಕೆನ್ನೆ ತುಂಬಿದ ಹುಡುಗಿ. ಆಂಟಿಯರು ಅವಳ ಕೆನ್ನೆ ಹಿಂಡಿ "ನೋಡಿ, ಮಗು ಅಂದ್ರೆ ಹೀಗಿರ್ಬೇಕು" ಎನ್ನುವುದು ನನ್ನ ಕಿವಿಗೆ ಬೀಳುವ ಹಾಗೆಯೇ. ಶ್ರೀಲಕ್ಷ್ಮಿಯ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಈಗ ಹೇಳುವುದಕ್ಕೆ ಏನು ನಾಚಿಕೆ.

ಧೃತಿಯ ಸ್ಕೀ ಹಿಂದಿನ ವಾರವೇ ಆರಿಸಿ ಇಟ್ಟಿದ್ದರು. ಬೂಟನ್ನು ಸ್ಕೀಗೆ ಹಿಡಿದಿಡುವ ಕೊಂಡಿಯನ್ನು ಮಾತ್ರ ಹೊಂದಿಸುವುದಿತ್ತು. ಅದಕ್ಕೆ ಬೈಂಡಿಂಗ್ ಎನ್ನುತ್ತಾರೆ. ಬ್ರೂಸ್ ಇಬ್ಬರ ಫಾರ್ಮುಗಳನ್ನೂ ಮೇಜಿನ ಮೇಲೆ ಇಟ್ಟುಕೊಂಡು, ಇಲ್ಲಿ ನೀವು ಹೇಳುವುದರ ಮೇಲೆಯೇ ನಾನು ಇದನ್ನು ತಿರುಗಿಸುವುದು ಎಂದು ಏನೋ ವಿವರಿಸುತ್ತಿದ್ದ. ನಾನು ಅರ್ಧ ಕಿವಿ ಮಾತ್ರ ಕೊಟ್ಟಿದ್ದೆ. ಇನ್ನರ್ಧ ಶ್ರೀಲಕ್ಷ್ಮಿಯ ಕಡೆ ಇತ್ತು.

"ತೂಕ?" ಎಂದು ಬ್ರೂಸ್ ಅವಳನ್ನು ಕೇಳಿದ.

"ಥರ್ಟಿ ಫೋರ್," ಎಂದಳು ಶ್ರೀಲಕ್ಷ್ಮಿ.

ಬ್ರೂಸ್ ಬರೆದುಕೊಂಡು ನನ್ನ ಕಡೆ ತಿರುಗಿದ. "ವಯಸ್ಸು?"

ಹತ್ತು ಎಂದೆ. ಅದು ಸುಳ್ಳಲ್ಲ. ಒಂಬತ್ತು ತುಂಬಿ ಹತ್ತರಲ್ಲಿ ನಡೆಯುತ್ತಿತ್ತು, ನಮ್ಮಲ್ಲಿ ಹಾಗೆ ಹೇಳುವುದೇ ರೂಢಿ.

"ತೂಕ?"

ಶ್ರೀಲಕ್ಷ್ಮಿ ನನ್ನ ಮೊಣಕೈಗೆ ತಾಗುವಷ್ಟು ಹತ್ತಿರ ನಿಂತಿದ್ದಳು. ಅತ್ತೆಯ ಸೂಟ್‌ಕೇಸು ಕಣ್ಣ ಮುಂದೆ ಬಂತು. "ಥರ್ಟಿ ತ್ರೀ," ಎಂದುಬಿಟ್ಟೆ. ಬಾಯಿಗೆ ಬಂದದ್ದು. ಧೃತಿಗಿಂತ ಒಂದು ಕೆ.ಜಿ. ಕಡಿಮೆ ಹೇಳಿದೆನಲ್ಲ, ಅಷ್ಟು ನನ್ನ ಪ್ರಾಮಾಣಿಕತೆ.

ಬ್ರೂಸ್ ಕನ್ನಡಕದ ಮೇಲಿನಿಂದ ಮಗಳನ್ನು ನೋಡಿದ. ಅವಳು ಮೊಣಕಾಲಿನವರೆಗೆ ಬರುವ ದಪ್ಪ ಜಾಕೆಟ್ಟಿನಲ್ಲಿದ್ದಳು. "ಮೂವತ್ತಮೂರು, ಅಲ್ಲವೇ?" ಎಂದು ಮತ್ತೆ ಕೇಳಿದ.

"ಹೌದು," ಎಂದೆ. ಸಹಿ ಹಾಕಿ ಎಂದ. ಹಾಕಿದೆ. ಅನಂತ ಅತ್ತ ಕನ್ನಡಿಯ ಮುಂದೆ ಹೆಲ್ಮೆಟ್ ಹಾಕಿ ನೋಡಿಕೊಳ್ಳುತ್ತಿದ್ದ.

ಸಿಂಚನಾ ನನ್ನ ಮುಖವನ್ನು ಒಮ್ಮೆ ನೋಡಿದಳು. 

ಆಮೇಲಿನ ಎರಡು ವಾರಾಂತ್ಯಗಳಲ್ಲಿ ತರಬೇತಿ ನಡೆಯಿತು. ಹೊಸ ಸ್ಕೀ ಹೇಗಿದೆ ಎಂದರೆ ಮಗಳು "ದೇ ಡೋಂಟ್ ಲಿಸನ್ ಟು ಮಿ" ಎಂದಳು. ನೀನು ನನ್ನ ಮಾತು ಕೇಳುತ್ತೀಯಾ, ಅದೂ ಹಾಗೇ ಎಂದು ನಗಾಡಿದೆ. ಎರಡನೆಯ ಭಾನುವಾರ ಅವಳು ಬಿದ್ದಳು. ಮೈ ಒಂದು ಕಡೆ ಹೋದರೂ ಸ್ಕೀ ಕಾಲನ್ನು ಬಿಡದೆ ಹಿಡಿದುಕೊಂಡಿತ್ತು. ಎಬ್ಬಿಸಿ ನಿಲ್ಲಿಸಬೇಕಾದರೆ ಇಬ್ಬರು ಬೇಕಾದರು. ಆ ಸಂಜೆ ಅವಳು ಮೊಣಕಾಲಿನ ಒಳಬದಿ ನೋಯುವ ಜಾಗ ಮುಟ್ಟಿ ತೋರಿಸಿ "ಸೋರ್, ಅಮ್ಮ" ಎಂದಾಗ ಮುಲಾಮು ತಿಕ್ಕಿದೆ. ತಿಕ್ಕುತ್ತ ಅನಂತನಿಗೆ ಹೇಳಿದೆ, "ನೋಡಿದ್ರಾ, ಅಷ್ಟು ಜೋರಾಗಿ ಬಿದ್ರೂ ಸ್ಕೀ ಬಿಚ್ಕೊಳ್ಳಲೇ ಇಲ್ಲ. ಗಟ್ಟಿ ಮಾಲು."

ನಮ್ಮ ಕಡೆ ವಸ್ತು ಎಂದರೆ ಗಟ್ಟಿಯಾಗಿರಬೇಕು. ಚಪ್ಪಲಿ, ಪಾತ್ರೆ, ಬೀಗ ಯಾವುದೇ ಇರಲಿ, ಬಿಟ್ಟುಕೊಂಡರೆ ಅದು ಕಳಪೆ. ಬಿಟ್ಟುಕೊಳ್ಳುವುದಕ್ಕೆಂದೇ ಒಂದು ವಸ್ತು ಮಾಡುತ್ತಾರೆ ಎಂದು ಯಾರಾದರೂ ಹೇಳಿದ್ದರೆ ನಾನು ನಗುತ್ತಿದ್ದೆ.

ಆಗಸ್ಟ್ ಕೊನೆಯ ಶನಿವಾರ ರೇಸು. ಹಿಂದಿನ ದಿನವೇ ಬೆಟ್ಟದ ಬುಡದ ಊರು ಒಹಾಕುನೆಗೆ ಹೋಗಿ ಮೋಟೆಲಿನಲ್ಲಿ ಉಳಿದು, ಬೆಳಿಗ್ಗೆ ಬೆಟ್ಟ ಹತ್ತಿದೆವು. ವಾರವಿಡೀ ಮಳೆ ಬಿದ್ದು, ಆಮೇಲೆ ಹೆಪ್ಪುಗಟ್ಟಿ, ಹಿಮ ಗಾಜಿನಷ್ಟು ಗಟ್ಟಿಯಾಗಿತ್ತು. ಬೂಟು ಊರಿದರೆ ಹೆಜ್ಜೆ ಮೂಡುತ್ತಿರಲಿಲ್ಲ. ಮಕ್ಕಳ ರೇಸಿನಲ್ಲಿ ತಂದೆ ತಾಯಿಗಳಿಗೂ ಒಂದೊಂದು ಕೆಲಸ ಹಚ್ಚುತ್ತಾರೆ. ಅನಂತನದು ಮೇಲೆ, ಸ್ಟಾರ್ಟಿನಲ್ಲಿ, ಹೊರಡುವ ಮಕ್ಕಳ ಜಾಕೆಟ್ಟುಗಳನ್ನು ಚೀಲಕ್ಕೆ ತುಂಬುವುದು. ಸ್ಕೀ ಮಾಡಲು ಬಾರದ ನನ್ನದೂ ಶ್ರೀಲಕ್ಷ್ಮಿಯದೂ ಕೆಳಗೆ, ಫಿನಿಶ್ ಗೆರೆಯ ಬಲೆಯ ಪಕ್ಕ, ಮಕ್ಕಳಿಗೆ ಬೋರ್ನ್‌ವಿಟಾದಂಥ ಬಿಸಿ ಮೈಲೋ ಕೊಡುವುದು.

ನಮ್ಮ ಪಕ್ಕ ಮಡಿಸುವ ಕುರ್ಚಿಯಲ್ಲಿ ಹೆದರ್ ಕುಳಿತಿದ್ದಳು. ಕ್ಲಬ್ಬಿನ ಹಳೆಯ ತಲೆ, ಎಪ್ಪತ್ತರ ಹತ್ತಿರದವಳು, ಬಲಗಾಲಿಗೆ ಕಬ್ಬಿಣದ ಪಟ್ಟಿ. ಕೈಯಲ್ಲಿ ಮೇಲಿನವರೊಡನೆ ಮಾತಾಡುವ ರೇಡಿಯೊ, ತೊಡೆಯ ಮೇಲೆ ಮಕ್ಕಳ ಪಟ್ಟಿ. ಮೇಲಿನಿಂದ ಒಂದೊಂದು ಮಗುವನ್ನು ಬಿಡುವಾಗಲೂ ಅದರ ನಂಬರನ್ನು ರೇಡಿಯೊದಲ್ಲಿ ಹೇಳುತ್ತಿದ್ದರು. ನಿಮಿಷಕ್ಕೆ ಒಂದು ಮಗು. ಧೃತಿಯ ಎದೆಯ ಮೇಲೆ ಮೂವತ್ತೊಂದು, ಸಿಂಚನಾಳದು ಐವತ್ತೆರಡು. ಎಲ್ಲರಿಗೂ ಎರಡೆರಡು ಸಲ ಇಳಿಯುವ ಅವಕಾಶ, ಎರಡರ ಸಮಯವನ್ನೂ ಕೂಡಿಸಿ ಗೆದ್ದವರು ಯಾರೆಂದು ಹೇಳುವುದು.

ಧೃತಿ ಚೆನ್ನಾಗಿಯೇ ಬಂದಳು. ಅರ್ಧ ದಾರಿಯಲ್ಲಿ, ಅಂಥ ಕಷ್ಟದ ತಿರುವೂ ಅಲ್ಲ, ಎರಡೂ ಸ್ಕೀಗಳು ಪಟಪಟನೆ ಕಳಚಿಕೊಂಡವು. ಹುಡುಗಿ ಹೊಟ್ಟೆಯ ಮೇಲೆ ಜಾರಿಕೊಂಡು ಬಂದು ಬಲೆಗೆ ತಾಗಿ ನಿಂತಳು. ಏಟೇನೂ ಆಗಿರಲಿಲ್ಲ. ಶ್ರೀಲಕ್ಷ್ಮಿ ಓಡಿದಳು. ನನ್ನ ಮನಸ್ಸಿನಲ್ಲಿ ಮೊದಲು ಬಂದದ್ದು, ಪಾಪ, ಇವರಿಗೆ ಕಳಪೆ ಮಾಲು ಕೊಟ್ಟಿದ್ದಾನೆ ಎಂದು. ಪಾಪ ಎನ್ನುವಾಗ ಒಳಗೊಳಗೇ ಸ್ವಲ್ಪ ಸುಖವೂ ಇತ್ತು.

ಅದನ್ನೇ ಹೆದರ್‌ಗೆ ಹೇಳಿದೆ. "ಸ್ಕೀ ಹಾಗೆ ಬಿಟ್ಟುಕೊಳ್ಳಬಹುದೇ? ನನ್ನ ಮಗಳದು ಬಿಡುವುದೇ ಇಲ್ಲ."

ಅವಳು ನನ್ನ ಕಡೆ ತಿರುಗಿದಳು. ಅವಳ ಇಂಗ್ಲಿಷನ್ನು ನನ್ನ ಮಾತಿನಲ್ಲೇ ಬರೆಯುತ್ತೇನೆ. "ಬಿಡಲೇಬೇಕಮ್ಮ. ಅದಕ್ಕೇ ಇರುವುದು ಬೈಂಡಿಂಗ್. ಬಿದ್ದಾಗ ಕಾಲು ತಿರುಚಿಕೊಳ್ಳುವುದಕ್ಕೆ ಮೊದಲು ಸ್ಕೀ ಕಳಚಬೇಕು. ನನ್ನದು ಕಳಚಲಿಲ್ಲ." ಕಾಲಿನ ಪಟ್ಟಿಯನ್ನು ಬೆರಳಿನಿಂದ ತಟ್ಟಿದಳು. "ಆ ಹುಡುಗಿಯದು ಸ್ವಲ್ಪ ಬೇಗ ಕಳಚಿತು, ಅಷ್ಟೆ. ತೂಕ, ವಯಸ್ಸು ನೋಡಿ ಅಂಗಡಿಯವರು ಹೊಂದಿಸುತ್ತಾರೆ. ಹೆಂಗಸರು ಫಾರ್ಮಿನಲ್ಲಿ ಐದಾರು ಕೆ.ಜಿ. ಕಡಿಮೆ ಬರೆಯುತ್ತಾರೆ, ನಾನೇ ಬರೆದಿದ್ದೇನೆ. ಆಗ ಸ್ಕೀ ಬೇಗ ಕಳಚುತ್ತದೆ, ಮೈ ತರಚುತ್ತದೆ. ಹೆಚ್ಚು ಬರೆದರೆ ಮಾತ್ರ ಕಾಲು ಮುರಿಯುತ್ತದೆ. ಆದರೆ ತನ್ನ ಮಗುವಿಗೆ ಯಾವ ತಾಯಿ ತೂಕ ಹೆಚ್ಚು ಹಾಕಿ ಹೇಳುತ್ತಾಳೆ?"

ಮೈಲೋ ಸುರಿಯುತ್ತಿದ್ದ ಲೋಟ ತುಂಬಿ ನನ್ನ ಗ್ಲೌಸಿನ ಮೇಲೆ ಹರಿಯಿತು. ಬಿಸಿ ಗೊತ್ತಾಗಲಿಲ್ಲ.

ಒಂಬತ್ತು ಕೆ.ಜಿ. ನಾನು ಒಂಬತ್ತು ಕೆ.ಜಿ. ಹೆಚ್ಚು ಹೇಳಿದ್ದೆ. ವಯಸ್ಸೂ ಒಂದು ಹೆಚ್ಚು. ಆ ಭಾನುವಾರ ತಿಕ್ಕಿದ ಮೊಣಕಾಲು ನನ್ನ ಅಂಗೈಗೆ ನೆನಪಾಯಿತು.

ರೇಡಿಯೊದಲ್ಲಿ ಮೂವತ್ತೈದು ಎಂದಿತು.

ಫೋನು ತೆಗೆದು ಅನಂತನಿಗೆ ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದೆ. ಅವನ ಫೋನು ಅವನ ಜಾಕೆಟ್ಟಿನಲ್ಲಿ, ಆ ಜಾಕೆಟ್ಟಿನ ಮೇಲೆ ಮೂವತ್ತು ಮಕ್ಕಳ ಜಾಕೆಟ್ಟು ಹೊತ್ತುಕೊಂಡು ನಿಂತಿರುತ್ತಾನೆ. ಮೆಸೇಜು ಹಾಕಿದೆ: ಸಿಂಚುನ ಬಿಡಬೇಡಿ. ಅದನ್ನು ಅವನು ನೋಡಿದ ಗುರುತಿಲ್ಲ. ಮೂವತ್ತೆಂಟು.

ಹೆದರ್ ಎರಡು ಹೆಜ್ಜೆ ದೂರದಲ್ಲಿದ್ದಾಳೆ, ಅವಳ ಕೈಯಲ್ಲಿ ರೇಡಿಯೊ ಇದೆ. ಒಂದು ಮಾತು ಹೇಳಿದರೆ ಮುಗಿಯಿತು. ಆದರೆ ಧೃತಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಶ್ರೀಲಕ್ಷ್ಮಿ ವಾಪಸು ಬಂದು ನನ್ನ ಪಕ್ಕದಲ್ಲೇ ನಿಂತಳು. ಹಿಂದೆ ಹತ್ತು ಹದಿನೈದು ಜನ ತಂದೆ ತಾಯಿಯರು. ನಾನು ಲೆಕ್ಕ ಹಾಕಿದೆ. ಇನ್ನೂ ಹದಿನಾಲ್ಕು ಮಕ್ಕಳಿದ್ದಾರೆ, ಅನಂತ ಫೋನು ನೋಡಬಹುದು. ಇನ್ನೂ ಹನ್ನೆರಡು. ಅವಳು ಬೀಳದೆಯೇ ಬರಬಹುದು, ಒಳ್ಳೆಯ ಸ್ಕೀಯರು ಎಂದು ಕೋಚೇ ಹೇಳಿಲ್ಲವೇ. ನಲವತ್ತೊಂದನೆಯ ಹುಡುಗ ಕೊನೆಯಿಂದ ಮೂರನೆಯ ತಿರುವಿನಲ್ಲಿ ಬಿದ್ದ. ನಲವತ್ತಮೂರು ಬಿದ್ದಳು. ಹಿಮ ಆ ದಿನ ಯಾರ ಮಾತೂ ಕೇಳುತ್ತಿರಲಿಲ್ಲ. ಬಿದ್ದ ಪ್ರತಿ ಮಗುವಿನ ಸ್ಕೀ ಟಪ್ಪೆಂದು ಕಳಚುವ ಸದ್ದು ನನಗೆ ಕೇಳಿಸುತ್ತಿತ್ತು. ಅಷ್ಟು ಹೊತ್ತು ನಾನು ಬಾಯಿ ಬಿಡದೆ ನಿಂತದ್ದನ್ನು ಇವತ್ತಿಗೂ ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಮಗಳ ಕಾಲು ಒಂದು ಕಡೆ, ನನ್ನ ಮಾನ ಒಂದು ಕಡೆ ಇಟ್ಟು ನಾನು ತೂಗುತ್ತಿದ್ದೆ.

ನಲವತ್ತೊಂಬತ್ತು ಎಂದು ರೇಡಿಯೊ ಹೇಳಿದಾಗ ಹೆದರ್‌ಳ ಭುಜ ಹಿಡಿದೆ. "ಐವತ್ತೆರಡನ್ನು ನಿಲ್ಲಿಸಿ. ಅವಳ ಬೈಂಡಿಂಗ್ ಸರಿಯಿಲ್ಲ."

ಅವಳು ಕೂಡಲೇ ಮೇಲಕ್ಕೆ ಹೇಳಿದಳು. ಸ್ವಲ್ಪ ಹೊತ್ತಿಗೆ ರೇಡಿಯೊ ಗರಗರ ಎಂದಿತು. "ಐವತ್ತೆರಡರದು ನೋಡಿದೆವು. ಎಲ್ಲ ಗಟ್ಟಿಯಾಗಿದೆ. ಏನೂ ತೊಂದರೆಯಿಲ್ಲ ಎನ್ನುತ್ತಿದ್ದಾಳೆ. ಐವತ್ತು ಹೊರಟ."

"ಏನು ಸರಿಯಿಲ್ಲ?" ಎಂದು ಹೆದರ್ ನನ್ನನ್ನು ಕೇಳಿದಳು. "ಸಡಿಲವೇ?"

ಆಗ ನನ್ನ ಬಾಯಿಗೆ ಇನ್ನೊಂದು ಸುಳ್ಳು ಬಂತು. "ಅಂಗಡಿಯವರು ತಪ್ಪು ಹೊಂದಿಸಿರಬೇಕು."

ಶ್ರೀಲಕ್ಷ್ಮಿ ಕನ್ನಡದಲ್ಲಿ ಹೇಳಿದಳು, "ಇಲ್ಲಾರೀ ವಸುಂಧರಾ, ಬ್ರೂಸ್ ಎಷ್ಟು ಹುಷಾರಾಗಿ ಮಾಡಿದ್ರು. ನಾನೂ ಅಲ್ಲೇ ಇದ್ನಲ್ಲ. ನಿಮ್ಮನ್ನ ಎರಡೆರಡು ಸಲ ಕೇಳಿದ್ರು."

ಹೌದು, ಎರಡು ಸಲ ಕೇಳಿದ್ದ. ಕನ್ನಡಕದ ಮೇಲಿನಿಂದ ಮಗುವನ್ನೂ ನೋಡಿದ್ದ. ಅವನ ತಲೆಗೆ ಕಟ್ಟುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. ಐವತ್ತೊಂದು ಹೊರಟಳು ಎಂದಿತು ರೇಡಿಯೊ.

"ನಾನು ತೂಕ ತಪ್ಪು ಹೇಳಿದೆ," ಎಂದೆ. "ಹೆಚ್ಚು ಹೇಳಿದೆ."

"ಎಷ್ಟು ಹೇಳಿದಿರಿ?"

"ಮೂವತ್ತಮೂರು."

"ನಿಜವಾಗಿ ಎಷ್ಟು?"

ಆ ಅಂಕಿಯನ್ನು ನಾನು ಅಲ್ಲಿಯವರೆಗೆ ಯಾರ ಮುಂದೆಯೂ ಬಾಯಿಬಿಟ್ಟು ಹೇಳಿರಲಿಲ್ಲ. "ಇಪ್ಪತ್ತನಾಲ್ಕು. ವಯಸ್ಸು ಒಂಬತ್ತೇ. ಹತ್ತಲ್ಲ."

ಹೆದರ್ ನನ್ನ ಮುಖ ನೋಡುತ್ತ ಕೂರಲಿಲ್ಲ. ಕುರ್ಚಿಯಿಂದ ಅರ್ಧ ಎದ್ದು ರೇಡಿಯೊ ಬಾಯಿಗೆ ಹಿಡಿದಳು. "ಐವತ್ತೆರಡನ್ನು ಬಿಡಬೇಡಿ. ಕೇಳಿಸಿತೇ? ಮಗು ಇಪ್ಪತ್ತನಾಲ್ಕು ಕೆ.ಜಿ., ಒಂಬತ್ತು ವರ್ಷ. ಬೈಂಡಿಂಗ್ ಇರುವುದು ಮೂವತ್ತಮೂರಕ್ಕೆ."

ಉತ್ತರ ಬರಲಿಲ್ಲ. ಬರೀ ಗಾಳಿಯ ಸದ್ದು, ಅದರ ಹಿಂದೆ ಸ್ಟಾರ್ಟಿನ ಯಂತ್ರದ ಪೀಂ, ಪೀಂ, ಪೀಂ. ಐವತ್ತೊಂದು ಇಳಿದು ಬಂದು ಗೆರೆ ದಾಟಿದಳು. ನಾನು ಬಲೆಯನ್ನು ಎರಡೂ ಕೈಯಿಂದ ಹಿಡಿದುಕೊಂಡೆ. ಮೇಲಿನ ಏರಿನ ಅಂಚಿನಲ್ಲಿ ಒಂದು ನೀಲಿ ಹೆಲ್ಮೆಟ್ಟು ಕಾಣಿಸಿತು. ಸಿಂಚನಾಳದು ನೀಲಿ. ತಿರುವಿಗೆಂದು ನೆಟ್ಟ ಕೆಂಪು ಕಂಬ ದಾಟಿತು, ನೀಲಿ ಕಂಬ ದಾಟಿತು, ಹಿಮದ ಮೇಲೆ ಸ್ಕೀ ಕೆರೆಯುವ ಸದ್ದು ಕೆಳಗಿನವರೆಗೆ ಕೇಳಿಸುತ್ತಿತ್ತು. ಬೀಳಬೇಡ ಕಂದ, ಬೀಳಬೇಡ ಎಂದು ನಾನು ಗಟ್ಟಿಯಾಗಿಯೇ ಹೇಳುತ್ತಿದ್ದೆನಂತೆ, ಆಮೇಲೆ ಶ್ರೀಲಕ್ಷ್ಮಿ ಹೇಳಿದಳು. ಹೆಲ್ಮೆಟ್ಟು ಹತ್ತಿರ ಬಂತು. ಎದೆಯ ಮೇಲಿನ ಅಂಕಿ ಕಾಣಿಸಿತು.

ಐವತ್ತಮೂರು. ಯಾರದೋ ಮನೆಯ ಹುಡುಗ.

"ಮತ್ತೆ ಹೇಳಿ," ಎಂದಿತು ರೇಡಿಯೊ, ಈಗ ಸ್ಪಷ್ಟವಾಗಿ. "ಐವತ್ತೆರಡನ್ನು ಪಕ್ಕಕ್ಕೆ ನಿಲ್ಲಿಸಿದ್ದೇವೆ. ತೂಕ ಎಷ್ಟೆಂದಿರಿ? ಎರಡು ನಾಲ್ಕು?"

"ಎರಡು ನಾಲ್ಕು," ಎಂದಳು ಹೆದರ್. ಬಲೆಯ ಉದ್ದಕ್ಕೂ ನಿಂತಿದ್ದವರೆಲ್ಲ ಕೇಳಿಸಿಕೊಂಡರು. ಮೇಲೆ ಸ್ಟಾರ್ಟಿನಲ್ಲಿ ಸಾಲಾಗಿ ನಿಂತಿದ್ದ ಮಕ್ಕಳೂ ಕೇಳಿಸಿಕೊಂಡಿರಬೇಕು. ನಾನು ಬಲೆಯಿಂದ ಕೈ ಬಿಡಿಸಿಕೊಂಡೆ. ಮಾನ ಹೋದದ್ದು ಗೊತ್ತಾಯಿತು. ಅದು ಹೋದ ಮೇಲೆ ಅಷ್ಟೇನೂ ಭಾರದ ವಸ್ತುವಾಗಿರಲಿಲ್ಲ ಎಂಬುದೂ ಗೊತ್ತಾಯಿತು.

ಮೇಲೆ ಕೋಚ್ ತನ್ನ ಪಟ್ಟಿ ನೋಡಿ, ಸ್ಕ್ರೂ ತಿರುಗಿಸಿ, ಬೈಂಡಿಂಗಿನ ಬಿಗಿ ತೋರಿಸುವ ಮುಳ್ಳನ್ನು ಮೂರೂವರೆಯಿಂದ ಎರಡಕ್ಕೆ ಇಳಿಸಿದ. ಹೆಚ್ಚು ಕಡಿಮೆ ಅರ್ಧ. ಇದೆಲ್ಲ ಅನಂತ ಆಮೇಲೆ ಹೇಳಿದ್ದು. ಅವಳನ್ನು ಎಲ್ಲರಿಗಿಂತ ಕೊನೆಗೆ ಬಿಡುತ್ತೇವೆ ಎಂದು ರೇಡಿಯೊದಲ್ಲಿ ಹೇಳಿದರು. ಬಿಡಲೇಬೇಡಿ ಎನ್ನಬೇಕೆನ್ನಿಸಿತು. ಹೆದರ್ ತಲೆಯಲ್ಲಾಡಿಸಿದಳು. "ಈಗ ಬಿದ್ದರೂ ಚಿಂತೆಯಿಲ್ಲ. ಬಿಡಿ ಅವಳನ್ನು."

ಇಪ್ಪತ್ತೈದು ನಿಮಿಷ ಕಾದೆವು. ಶ್ರೀಲಕ್ಷ್ಮಿ ನನ್ನನ್ನು ನೋಡಿ ಮನಸ್ಸಿನಲ್ಲೇ ನಗುತ್ತಿದ್ದಾಳೆ ಎಂದುಕೊಂಡೆ. ನಗಲಿ ಎಂದುಕೊಂಡೆ. ನಾಳೆ ಬೀದಿಗೆಲ್ಲ ಹೇಳಲಿ. ಅವಳು ಧೃತಿಯ ಕಂಬಳಿಯ ಅಂಚನ್ನು ಸುಮ್ಮನೆ ಮಡಿಸುತ್ತ, ಬಿಚ್ಚುತ್ತ ಇದ್ದಳು.

ಕೊನೆಗೆ ಐವತ್ತೆರಡು ಎಂದಿತು ರೇಡಿಯೊ.

ಏರಿನ ಅಂಚಿನಿಂದ ನನ್ನ ಮಗಳು ಬಂದಳು. ಎಷ್ಟು ಚಿಕ್ಕದಾಗಿ ಕಾಣುತ್ತಿದ್ದಳು. ಇಷ್ಟು ಹಗುರವಾದ ಮೈಯಲ್ಲಿ ಇಷ್ಟು ಧೈರ್ಯ ಎಲ್ಲಿ ಇಟ್ಟುಕೊಂಡಿದ್ದಾಳೆ ಎಂದು ಅವತ್ತು ಮೊದಲ ಸಲ ನನಗೆ ಅನ್ನಿಸಿತು. ಬಾದಾಮಿ ಎಲ್ಲಿಗೆ ಹೋಗುತ್ತಿತ್ತು ಎಂಬುದು ಅಲ್ಲಿ ಕಾಣುತ್ತಿತ್ತು. ಕೊನೆಯಿಂದ ಮೂರನೆಯ ಕಂಬದ ಹತ್ತಿರ, ನಲವತ್ತೊಂದನೆಯ ಹುಡುಗ ಬಿದ್ದ ಜಾಗದಲ್ಲೇ, ಅವಳ ಎಡ ಸ್ಕೀ ಹಿಮದ ಗಡ್ಡೆಗೆ ಸಿಕ್ಕಿಕೊಂಡಿತು. ಮೈ ಮುಂದಕ್ಕೆ ಹೋಯಿತು, ಕಾಲು ಹಿಂದೆ ಉಳಿಯಿತು, ಮೊಣಕಾಲು ಒಳಕ್ಕೆ ತಿರುಗಿತು.

ಟಪ್.

ಸ್ಕೀ ಬಿಟ್ಟುಕೊಂಡಿತು. ಹುಡುಗಿ ಎರಡು ಉರುಳು ಉರುಳಿ ಬೆನ್ನ ಮೇಲೆ ಬಿದ್ದಳು. ಆಮೇಲೆ ಎದ್ದು ಕುಳಿತಳು. ಆಮೇಲೆ ಎದ್ದು ನಿಂತಳು, ಎರಡೂ ಕಾಲಿನ ಮೇಲೆ. ನಾನು ಚಪ್ಪಾಳೆ ತಟ್ಟಿದೆ. ಸ್ವಂತ ಮಗಳು ರೇಸಿನಲ್ಲಿ ಬಿದ್ದರೆ ಚಪ್ಪಾಳೆ ತಟ್ಟುವ ಹೆಂಗಸನ್ನು ಅಲ್ಲಿದ್ದವರೆಲ್ಲ ತಿರುಗಿ ನೋಡಿದರು. ಹೆದರ್ ಒಬ್ಬಳು ನನ್ನ ಜೊತೆ ತಟ್ಟಿದಳು.

ಸಿಂಚನಾ ಸ್ಕೀಗಳನ್ನು ಹೆಗಲಿಗೆ ಹಾಕಿಕೊಂಡು ಬಲೆಯ ಬಳಿಗೆ ನಡೆದು ಬಂದಳು. ಸಿಟ್ಟಿನಲ್ಲಿ ಮೂಗು ಕೆಂಪಾಗಿತ್ತು. ಅಪ್ಪಿಕೊಳ್ಳಲು ಹೋದರೆ ಒಂದು ಹೆಜ್ಜೆ ಹಿಂದೆ ಸರಿದಳು. ಅವಳು ಕೇಳಿದ್ದು ಇಂಗ್ಲಿಷಿನಲ್ಲಿ, ಅವಳ ಮಾತೆಲ್ಲ ಇಂಗ್ಲಿಷೇ. ಕನ್ನಡದಲ್ಲಿ ಅದು ಇಷ್ಟು. "ಅವತ್ತು ಅಂಗಡಿಯಲ್ಲೇ ನನಗೆ ಗೊತ್ತಾಯ್ತು ನೀನು ಸುಳ್ಳು ಹೇಳಿದ್ದು. ನಾನು ಇಷ್ಟೇ ಇರೋದು ನಿನಗೆ ನಾಚಿಕೆನಾ ಅಮ್ಮ?"

ಇಲ್ಲ ಎನ್ನಲು ಬಾಯಿ ತೆರೆದೆ. ಆ ದಿನಕ್ಕೆ ಸುಳ್ಳು ಸಾಕಾಗಿತ್ತು.

"ಹೌದು ಪುಟ್ಟಿ," ಎಂದೆ. "ನಾಚಿಕೆ ಆಗ್ತಿತ್ತು. ನಿನ್ನ ಬಗ್ಗೆ ಅಲ್ಲ. ನಾನು ಸರಿಯಾಗಿ ಸಾಕ್ತಿಲ್ಲ ಅಂತ ಜನ ಅಂದ್ಕೋತಾರೆ ಅಂತ. ಅದಕ್ಕೆ ನಿನ್ನ ಕಾಲನ್ನೇ ಮುರೀತಿದ್ದೆ. ತಪ್ಪಾಯ್ತು."

ಅವಳು ಕ್ಷಮಿಸಿದೆ ಎನ್ನಲಿಲ್ಲ. ಹೆಗಲ ಮೇಲಿದ್ದ ಸ್ಕೀಗಳನ್ನು ತೆಗೆದು ನನ್ನ ಕೈಗೆ ಕೊಟ್ಟಳು, ಹೊರು ಎನ್ನುವ ಹಾಗೆ. ಆಮೇಲೆ ಎರಡನೆಯ ಸಲ ಇಳಿಯಬಹುದಾ ಎಂದು ಹೆದರ್‌ಳನ್ನು ಕೇಳಿದಳು. ಇಳಿಯಬಹುದು, ಸಮಯ ಲೆಕ್ಕಕ್ಕೆ ಬರುವುದಿಲ್ಲ ಎಂದಳು ಹೆದರ್. ಪರವಾಗಿಲ್ಲ ಎಂದಳು ನನ್ನ ಮಗಳು.

ನಮ್ಮ ಮಾತನ್ನೆಲ್ಲ ಧೃತಿ ಕಂಬಳಿಯೊಳಗಿನಿಂದ ಕೇಳಿಸಿಕೊಳ್ಳುತ್ತಿದ್ದಳು. ಅವಳು ತಲೆಯೆತ್ತಿ ತನ್ನ ತಾಯಿಯ ಮುಖವನ್ನು ನೋಡಿದಳು. ಅಂಗಡಿಯಲ್ಲಿ ಸಿಂಚನಾ ನನ್ನ ಮುಖ ನೋಡಿದ್ದಳಲ್ಲ, ಅದೇ ನೋಟ.

ಶ್ರೀಲಕ್ಷ್ಮಿ ಕಂಬಳಿಯ ಅಂಚನ್ನು ಕೈಬಿಟ್ಟಳು. ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದಳು, "ವಸುಂಧರಾ, ನಿಮ್ಮ ಸಿಂಚನಾನ್ನ ನೋಡ್ದಾಗೆಲ್ಲ ನಂಗೆ ಹೊಟ್ಟೆ ಉರೀತಿತ್ತು ರೀ. ಎಷ್ಟು ತೆಳ್ಳಗೆ, ಚೆನ್ನಾಗಿದಾಳೆ ಅಂತ. ನಮ್ಮವಳ ಕೆನ್ನೆ ಹಿಂಡೋರು ಹಿಂದೆ ಏನಂತಾರೆ ಗೊತ್ತಾ? ಡುಮ್ಮಿ ಅಂತಾರೆ."

ಅಷ್ಟು ಹೇಳಿ ಅವಳು ಹೆದರ್‌ಳ ಕುರ್ಚಿಯ ಮುಂದೆ ಹೋಗಿ ನಿಂತಳು.

"ಮೂವತ್ತೊಂದನೆಯ ನಂಬರು," ಎಂದಳು ಇಂಗ್ಲಿಷಿನಲ್ಲಿ, ಎಲ್ಲರಿಗೂ ಕೇಳಿಸುವಷ್ಟು ಗಟ್ಟಿಯಾಗಿ. "ನನ್ನ ಮಗಳು ಮೂವತ್ತನಾಲ್ಕಲ್ಲ. ನಲವತ್ತೊಂದು."

ಹೆದರ್ ನಮ್ಮಿಬ್ಬರನ್ನೂ ಒಂದು ಸಲ ನೋಡಿ, ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದಳು. ಧೃತಿ ಕಂಬಳಿ ಸರಿಸಿ ಎದ್ದು ನಿಂತಳು. ನಾನು ಹೋಗಿ ಅವಳ ಸ್ಕೀಗಳನ್ನು ಎತ್ತಿ ತಂದು, ತಿರುಗಿಸಲು ಅನುಕೂಲವಾಗುವ ಹಾಗೆ ಗಟ್ಟಿಯಾಗಿ ಹಿಡಿದುಕೊಂಡೆ.